ಗುಲ್ಮಾರ್ಗದ ಕಾಮಾಲೆ

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ರೋಗಿಯ ಮಾತು ಹಾಗಿರಲಿ. ರೋಗವನ್ನು ಪರೀಕ್ಷಿಸುವ ವೈದ್ಯರ ಕಣ್ಣಿಗೂ ಬಹುಕಾಲ ಎಲ್ಲ ಹಳದಿಯೂ ಒಂದೇ ಹಳದಿಯಾಗಿ ಕಂಡಿತೆಂಬುದು ಸೋಜಿಗದ ಸಂಗತಿ. ಕೊಳೆತ ನೀರಿನಿಂದ ಹಬ್ಬಿದ ಕಾಮಾಲೆಯಾದರೆ ಅದು ‘ಎ’ ವೈರಸ್ಸಿನದು, ರಕ್ತದ ಮೂಲಕ ಬಂದುದಾದರೆ ‘ಬಿ’ ವೈರಸ್ಸಿನದು. ವೈದ್ಯಶಾಸ್ತ್ರ ಮಾಡಿಕೊಂಡಿದ್ದ ವಿಂಗಡಣೆ ಸ್ಥೂಲವಾಗಿ ಇಷ್ಟೆ. ರಕ್ತದ ಮೂಲಕ ಹರಡುವ ಮೂರನೆಯದೊಂದು ಇರಬೇಕೆಂಬ ಶಂಕೆ 1975ರ ವೇಳೆಗೆ ಅಮೆರಿಕದಲ್ಲಿ ತಲೆದೋರಿತ್ತು. ನೀರಿನ ವಿಷಯದಲ್ಲಿ ಮಾತ್ರ ಹಳೆಯ ನಂಬಿಕೆ ಅಲುಗಿರಲಿಲ್ಲ.

ಅದನ್ನು ಅಲುಗಿಸಿದವರಲ್ಲಿ ಮೊದಲಿಗರು ಕಾಶ್ಮೀರದ ವೈದ್ಯರಾದ ಡಾಕ್ಟರ್ ಮೊಹಮ್ಮದ್ ಸುಲ್ತಾನ್ ಖುರೂ ಅವರು. 1978ರ ನವೆಂಬರಿನಲ್ಲಿ ಗುಲ್ಮಾರ್ಗದ ಸುತ್ತಣ ಹಳ್ಳಿಗಳಲ್ಲಿ ಕಾಮಾಲೆ ಕಾಡ್ಗಿಚ್ಚಿನಂತೆ ಹಬ್ಬಿತು. ಗುಲ್ಮಾರ್ಗವೆಂದರೆ ನಮಗೆ ನೆನಪಾಗುವುದು ಹಿಮ, ಹೂವಿನ ಹುಲ್ಲುಗಾವಲು. ಆ ಚೆಲುವಿನ ತಪ್ಪಲಿನಲ್ಲೇ ಜನ ಸಾಯುತ್ತಿದ್ದರು. ಸುಮಾರು 200 ಹಳ್ಳಿಗಳು, 6 ಲಕ್ಷ ಜನಸಂಖ್ಯೆ. ಅವರಲ್ಲಿ 52,000 ಮಂದಿಗೆ ಕಾಮಾಲೆ, 1,700 ಸಾವು ಎಂದು ಮುಂದೆ ಅಂದಾಜು ಮಾಡಲಾಯಿತು. ಖುರೂ ಅವರ ತಂಡ ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಮನೆಮನೆಗೂ ಹೋಗಿ ಎಣಿಸಿತು. ಈ ಎಣಿಕೆಯೇ ಇಡೀ ಕಥೆಯ ತಿರುಳೆಂದು ನನಗೆ ತೋರುತ್ತದೆ.

ಎಣಿಕೆಯಲ್ಲಿ ಕಂಡುದೇನು? ಹಾಸಿಗೆ ಹಿಡಿದವರಲ್ಲಿ ಮಕ್ಕಳಿಗಿಂತ ಪ್ರಾಯದವರೇ ಹೆಚ್ಚು. ಆದರೆ ‘ಎ’ ವೈರಸ್ಸು ನಮ್ಮಂಥ ದೇಶಗಳಲ್ಲಿ ಬಾಲ್ಯದಲ್ಲೇ, ಅನೇಕ ವೇಳೆ ಗೊತ್ತೇ ಆಗದಂತೆ ಬಂದು ಹೋಗುತ್ತದೆ. ಒಮ್ಮೆ ಬಂದವರಿಗೆ ಮತ್ತೆ ಬಾರದು. ಹಾಗಿದ್ದ ಮೇಲೆ ಬೆಳೆದ ಗಂಡಸರು, ಹೆಂಗಸರು ಮಲಗುವುದೇಕೆ? ರಕ್ತಪರೀಕ್ಷೆಯ ಉತ್ತರ ಸ್ಪಷ್ಟವಾಗಿತ್ತು. ‘ಎ’ ವೈರಸ್ಸನ್ನು ಹಿಂದೆಂದೋ ಎದುರಿಸಿದ್ದ ಹಳೆಯ ಪ್ರತಿಕಾಯಗಳು ರೋಗಿಗಳಲ್ಲಿ ಇದ್ದುವು. ಹೊಸ ಸೋಂಕನ್ನು ಸೂಚಿಸುವ ಪ್ರತಿಕಾಯಗಳು ಇರಲಿಲ್ಲ. ‘ಬಿ’ ವೈರಸ್ಸೂ ಕಾರಣವಲ್ಲ. 1980ರಲ್ಲಿ ಅವರು ಪ್ರಕಟಿಸಿದ ಲೇಖನ, ರಕ್ತದಿಂದ ಬರುವ ಆ ಮೂರನೆಯ ಬಗೆಗಿಂತಲೂ ಭಿನ್ನವಾದ ಮತ್ತೊಂದು ವೈರಸ್ ಇರಬಹುದೆಂದು ಸೂಚಿಸಿತು. ಆಗ ಅದಕ್ಕೆ ಇದ್ದ ಹೆಸರು ‘ಎ ಅಲ್ಲದ, ಬಿ ಅಲ್ಲದ’ ಹೆಪಟೈಟಿಸ್. ಉಪನಿಷತ್ತಿನ ‘ನೇತಿ ನೇತಿ’ಯನ್ನು ಪಾಠ ಹೇಳುವ ನನ್ನಂಥವನಿಗೆ ಈ ಹೆಸರು ಕಂಡು ನಗು ಬಾರದಿರದು.

ಆದರೆ ಮುಂದಿನ ಅಂಕಿಗಳನ್ನು ಓದುವಾಗ ನಗು ಉಡುಗುತ್ತದೆ. 208 ಮಂದಿ ಗರ್ಭಿಣಿಯರಲ್ಲಿ 36 ಮಂದಿಗೆ, ಎಂದರೆ ನೂರಕ್ಕೆ 17ಕ್ಕೂ ಹೆಚ್ಚು ಮಂದಿಗೆ, ಕಾಮಾಲೆ ಬಂದಿತ್ತು. ಅದೇ ಹಳ್ಳಿಗಳ, ಅದೇ ನೀರು ಕುಡಿದ, ಗರ್ಭವತಿಯರಲ್ಲದ ಹೆಂಗಸರಲ್ಲಿ ಅದು ನೂರಕ್ಕೆ ಎರಡರಷ್ಟು ಮಾತ್ರ. ಗಂಡಸರಲ್ಲಿ ಮೂರಕ್ಕೂ ಕಡಮೆ. ರೋಗ ತಗುಲಿದ ಬಸುರಿಯರಲ್ಲಿ ನೂರಕ್ಕೆ 22 ಮಂದಿಯ ಯಕೃತ್ತು ಹಠಾತ್ತನೆ ಕುಸಿಯಿತು. ಕೊನೆಯ ಮೂರು ತಿಂಗಳಲ್ಲಿದ್ದವರಲ್ಲಿ ಈ ಪ್ರಮಾಣ 44. ತೊಟ್ಟಿಲು ತೂಗಬೇಕಾಗಿದ್ದ ಮನೆಗಳಲ್ಲಿ ಆ ಚಳಿಗಾಲ ಏನಾಗಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು. ವೈದ್ಯಪತ್ರಿಕೆಯ ಪಟ್ಟಿ ಅದನ್ನು ಹೇಳುವುದಿಲ್ಲ.

ಇಂಥದೇ ಪಿಡುಗು ದೆಹಲಿಯನ್ನು ಹಿಂದೊಮ್ಮೆ ಕಾಡಿತ್ತು. 1955ರ ನೆರೆಯ ತರುವಾಯ ಯಮುನೆಯ ಹರಿವು ಪಲ್ಲಟಗೊಂಡು, ನಗರದ ಚರಂಡಿನೀರು ಕುಡಿಯುವ ನೀರೆತ್ತುವ ತಾಣಕ್ಕೇ ಬಂದು ಸೇರಿತು. ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಅದನ್ನೂ ಬಹುಕಾಲ ‘ಎ’ ವೈರಸ್ಸಿನ ಲೆಕ್ಕಕ್ಕೇ ಬರೆದಿದ್ದರು. ಪುಣೆಯ ವಿಜ್ಞಾನಿಗಳೂ ಅಮೆರಿಕದ ವಿಜ್ಞಾನಿಗಳೂ ಕೂಡಿ, ಕಾಪಿಟ್ಟಿದ್ದ ಆ ಕಾಲದ ರಕ್ತದ್ರವವನ್ನು ಪುನಃ ಪರೀಕ್ಷಿಸಿ, ಅದು ‘ಎ’ ಅಲ್ಲವೆಂದು 1980ರಲ್ಲೇ ಪ್ರಕಟಿಸಿದರು. ಕಾಶ್ಮೀರದ ಊಹೆಗೆ ಇಪ್ಪತ್ತೈದು ವರ್ಷದ ಹಳೆಯ ಸಾಕ್ಷಿ ಸಿಕ್ಕಿತು.

ವೈರಸ್ಸನ್ನು ಕಣ್ಣಾರೆ ಕಾಣುವುದೊಂದು ಉಳಿದಿತ್ತು. ಆ ಕೆಲಸವನ್ನು ರಷ್ಯದ ಮಿಖಾಯಿಲ್ ಬಲಯಾನ್ ಮಾಡಿದ ರೀತಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅಫ್ಘಾನಿಸ್ತಾನದಲ್ಲಿ ಕಾಮಾಲೆಗೆ ತುತ್ತಾದ ಸೋವಿಯತ್ ಸೈನಿಕರ ಮಲವನ್ನು ಶೋಧಿಸಿ ತೆಗೆದ ದ್ರವವನ್ನು ಅವರು ತಾವೇ ಕುಡಿದರು. ‘ಎ’ ವೈರಸ್ಸಿಗೆ ಅವರ ದೇಹದಲ್ಲಿ ಮೊದಲೇ ಪ್ರತಿಕಾಯವಿತ್ತು. ಆದ್ದರಿಂದ ಬರುವ ರೋಗ ಅದಾಗಲಾರದು. 36ನೆಯ ದಿನ ರೋಗ ಕಾಣಿಸಿಕೊಂಡಿತು. ಅವರ ಮಲದಲ್ಲೇ 27ರಿಂದ 30 ನ್ಯಾನೊಮೀಟರಿನ ವೈರಸ್ ಕಣಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗೋಚರಿಸಿದುವು. 1983ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮುಂದೆ ಆ ವೈರಸ್ಸಿಗೆ ‘ಇ’ ಎಂಬ ಹೆಸರು ನಿಂತಿತು.

ಬಲಯಾನರ ಸಾಹಸಕ್ಕೆ ತಲೆದೂಗದವರಿಲ್ಲ. ಆದರೂ ನನ್ನ ಮನಸ್ಸು ಒಲಿಯುವುದು ಬಾಗಿಲು ಬಾಗಿಲಿಗೂ ಹೋಗಿ, ಈ ಮನೆಯಲ್ಲಿ ಬಸುರಿಯರು ಎಷ್ಟು ಮಂದಿ, ಬದುಕಿರುವವರು ಎಷ್ಟು ಎಂದು ಬರೆದುಕೊಂಡವರ ಕಡೆಗೇ. ಖುರೂ ಅವರು ಮುಂದೆ ಶ್ರೀನಗರದ ಶೇರ್-ಇ-ಕಾಶ್ಮೀರ್ ವೈದ್ಯವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು. ತಾಯಿಯಿಂದ ಗರ್ಭದ ಶಿಶುವಿಗೂ ಈ ಸೋಂಕು ದಾಟುವುದೆಂಬುದನ್ನು ಅವರೇ 1995ರಲ್ಲಿ ತೋರಿಸಿಕೊಟ್ಟರು.

‘ಇ’ ವೈರಸ್ಸಿಗೆ ಲಸಿಕೆಯೊಂದು ಚೀನದಲ್ಲಿ 2011ರಲ್ಲಿ ಮಂಜೂರಾಯಿತು. ಪಿಡುಗೊಂದನ್ನು ತಡೆಯಲು ಅದನ್ನು ಮೊತ್ತಮೊದಲು ಬಳಸಿದುದು 2022ರಲ್ಲಿ, ದಕ್ಷಿಣ ಸುಡಾನಿನ ಬೆಂಟಿಯು ನಿರಾಶ್ರಿತರ ಶಿಬಿರದಲ್ಲಿ. ಚುಚ್ಚುಮದ್ದು ಪಡೆದವರಲ್ಲಿ ಗರ್ಭಿಣಿಯರೂ ಇದ್ದರು.