ರಿಪೋರ್ಟಿನ ‘ಆರ್’ ಏನು ಹೇಳುತ್ತದೆ?

ಮೂತ್ರ ಉರಿಯೆಂದು ಬಂದಿದ್ದ ಸಹೋದರಿಯೊಬ್ಬರು ಲ್ಯಾಬ್ ರಿಪೋರ್ಟ್ ಮುಂದಿಟ್ಟು, “ಡಾಕ್ಟ್ರೇ, ಇಷ್ಟೊಂದು ಔಷಧಿಗಳ ಮುಂದೆ ‘ಆರ್’ ಅಂತ ಬರೆದಿದ್ದಾರಲ್ಲ, ಏನದು?” ಎಂದು ಕೇಳಿದರು. ‘ಆರ್’ ಎಂದರೆ ರೆಸಿಸ್ಟೆಂಟ್. ಅವರ ಮೂತ್ರದಲ್ಲಿದ್ದ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಆ ಔಷಧಿಗಳು ನಾಟುವುದಿಲ್ಲ ಎಂದರ್ಥ. ವಿಚಾರಿಸಿದಾಗ, ನಾದಿನಿಗೆ ಕೊಟ್ಟು ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಇವರು ಹಿಂದೆ ಹಲವು ಸಲ ಎರಡೆರಡು ದಿನ ನುಂಗಿದ್ದು ತಿಳಿಯಿತು.

ಕಣ್ಣಿಗೆ ಕಾಣದ ಜೀವಿ ಔಷಧಿಯನ್ನು ಸೋಲಿಸುವುದು ಹೇಗೆ? ಉತ್ತರ ಅದರ ಡಿಎನ್‌ಎಯಲ್ಲಿದೆ.

ನಾಲ್ಕಕ್ಷರದ ಬರಹ

ಎ, ಟಿ, ಜಿ, ಸಿ ಎಂಬ ನಾಲ್ಕೇ ‘ಅಕ್ಷರ’ಗಳಲ್ಲಿ ಬರೆದ ಉದ್ದನೆಯ ಬರಹವೇ ಡಿಎನ್‌ಎ. ಅದರಲ್ಲಿ ಸಾಮಾನ್ಯವಾಗಿ ಒಂದು ಪ್ರೋಟೀನ್ ತಯಾರಿಸುವ ವಿಧಾನವಿರುವ ಭಾಗವನ್ನು ಜೀನ್ ಎನ್ನುತ್ತಾರೆ. ಇಡೀ ಬರಹಕ್ಕೆ ಜೀನೋಮ್ ಎಂದು ಹೆಸರು. ಮನುಷ್ಯನ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರ ಜೋಡಿಗಳಿವೆ. 1997ರಲ್ಲಿ ಪೂರ್ತಿ ಓದಿ ಮುಗಿಸಿದ ಇ. ಕೋಲಿಯ ಜೀನೋಮ್‌ನಲ್ಲಿ ಇರುವುದು ಸುಮಾರು 46 ಲಕ್ಷ ಜೋಡಿ, 4,300ರಷ್ಟು ಜೀನ್. ಅದೂ ಬಳೆಯಂತೆ ದುಂಡಗಿನ ಒಂದೇ ಎಳೆ.

ಬೇಕಾದಾಗ ಮಾತ್ರ

ಅಡುಗೆ ಪುಸ್ತಕದಲ್ಲಿರುವುದನ್ನೆಲ್ಲ ನಾವು ದಿನವೂ ಬೇಯಿಸುವುದಿಲ್ಲ. ಬ್ಯಾಕ್ಟೀರಿಯಾವೂ ಹಾಗೆಯೇ. ಬೇಕಾದ ಜೀನನ್ನು ಮಾತ್ರ ಆರ್‌ಎನ್‌ಎ ಎಂಬ ಚೀಟಿಗೆ ನಕಲು ಮಾಡಿ, ಅದನ್ನು ನೋಡಿ ಪ್ರೋಟೀನ್ ತಯಾರಿಸುತ್ತದೆ. ಜೀನ್ ಅಭಿವ್ಯಕ್ತಿ ಎಂದರೆ ಇದೇ. ಹಾಲಿನ ಸಕ್ಕರೆ ಸಿಕ್ಕಿ, ಗ್ಲೂಕೋಸ್ ಇಲ್ಲದಿದ್ದಾಗ ಇ. ಕೋಲಿ ಆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನು ಹೇರಳವಾಗಿ ತಯಾರಿಸುತ್ತದೆ. ಸಕ್ಕರೆ ಮುಗಿದರೆ ನಿಲ್ಲಿಸುತ್ತದೆ. ಈ ‘ಸ್ವಿಚ್’ ಅನ್ನು ವಿವರಿಸಿದ ಫ್ರಾನ್ಸಿನ ಜಾಕೋಬ್ ಮತ್ತು ಮೊನೊ 1965ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಔಷಧಿ ಸೋಲುವುದು

ಅನುಕೂಲವಿದ್ದರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಪ್ರತಿಸಲ ಡಿಎನ್‌ಎ ನಕಲಾಗುವಾಗ ಅಪರೂಪಕ್ಕೊಂದು ತಪ್ಪು ನುಸುಳುತ್ತದೆ. ಅಂಥ ತಪ್ಪೇ ಕೆಲವೊಮ್ಮೆ ಔಷಧಿಯಿಂದ ಪಾರಾಗುವ ದಾರಿಯಾಗುತ್ತದೆ. ಇನ್ನೊಂದು ದಾರಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ. ಪೆನಿಸಿಲಿನ್ ಬಗೆಯ ಔಷಧಿಗಳನ್ನು ಒಡೆಯುವ ಕಿಣ್ವದ ಜೀನ್ ಅದರಲ್ಲಿದ್ದರೆ, ಒಂದು ಬ್ಯಾಕ್ಟೀರಿಯಾ ಅದನ್ನು ನೆರೆಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ನಾವು ಅನಗತ್ಯವಾಗಿ ಮಾತ್ರೆ ನುಂಗಿದಾಗ ದುರ್ಬಲವಾದವು ಸಾಯುತ್ತವೆ, ಈ ಜೀನ್ ಇರುವವು ಉಳಿದು ಹೆಚ್ಚುತ್ತವೆ.

ನಾವು ಮಾಡಬೇಕಾದುದು

• ಉಳಿದ ಆ್ಯಂಟಿಬಯೋಟಿಕ್ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ವೈದ್ಯರು ಹೇಳಿದಷ್ಟು ದಿನ ಸೇವಿಸಿ.
• ನೆಗಡಿ, ಫ್ಲೂ ವೈರಸ್‌ನಿಂದ ಬರುತ್ತವೆ. ಅವಕ್ಕೆ ಈ ಮಾತ್ರೆ ಕೆಲಸ ಮಾಡದು.
• ಇಸ್ತಿಂಜಾ ಮಾಡುವಾಗ ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಬಳಿಕ ಕೈಗೆ ಸೋಪು ಹಚ್ಚಬೇಕು.
• ಮೂತ್ರ ಉರಿಯ ಜೊತೆ ಚಳಿಜ್ವರ, ಸೊಂಟದ ಪಕ್ಕದ ನೋವು ಇದ್ದರೆ, ಅಥವಾ ಗರ್ಭಿಣಿಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಾನು ಯುನಾನಿ ವೈದ್ಯ. ಆದರೂ ಹೇಳುತ್ತೇನೆ: ನನ್ನ ಶರಬತ್ತನ್ನೋ ಚೂರ್ಣವನ್ನೋ ನಂಬಿ, ಬೇರೆ ವೈದ್ಯರು ಬರೆದುಕೊಟ್ಟ ಆ್ಯಂಟಿಬಯೋಟಿಕನ್ನು ನೀವಾಗಿಯೇ ನಿಲ್ಲಿಸಬೇಡಿ. ದೇಹ ಅಲ್ಲಾಹನು ಕೊಟ್ಟ ಅಮಾನತ್ತು. ರೋಗ ನಿಜವಾಗಿ ಬಂದ ದಿನ ಕೈಹಿಡಿಯಬೇಕಾದ ಔಷಧಿಯನ್ನು ಇಂದೇ ಕೆಡಿಸಿಕೊಳ್ಳುವುದು ಬೇಡ.