ಪತ್ರವೂ ಗಟ್ಟಿ ಇರಲಿ, ಪಾಯವೂ ಗಟ್ಟಿ ಇರಲಿ

ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ಸಿಂಧನೂರಿಗೆ ಬರುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಊರು ಹತ್ತಿರವಾದಂತೆ ಹೊಲಗಳ ನಡುವೆ ಹೊಸ ಲೇಔಟ್‌ಗಳ ಕಮಾನು, ಸುಣ್ಣ ಬಳಿದ ಗಡಿಗಲ್ಲುಗಳು ಕಾಣತೊಡಗುತ್ತವೆ. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂತು. ಗದಗ–ವಾಡಿ ಮಾರ್ಗ 2025ರ ಮೇ ತಿಂಗಳಲ್ಲಿ ಕುಷ್ಟಗಿ ಮುಟ್ಟಿತು; ಮುಂದೆ ಅದು ಹೋಗಬೇಕಾದ್ದು ಲಿಂಗಸುಗೂರಿನ ಮೇಲೆಯೇ. ಮಸ್ಕಿ ತಾಲ್ಲೂಕು ಕೇಂದ್ರವಾಯಿತು. ಇಷ್ಟಾದ ಮೇಲೆ ‘ಇವತ್ತ ಸಂಚಕಾರ ಕೊಡ್ರಿ, ನಾಳೆ ರೇಟ್ ಏರ್ತದ’ ಎನ್ನುವ ಮಾತು ಮೂರೂ ಊರುಗಳ ಚಹಾದಂಗಡಿಗಳಲ್ಲಿ ಕೇಳಿಸುವುದು ಸಹಜ.

ಹೀಗೆ ಸಂಚಕಾರ ಕೊಡುವವರು ಹಟ್ಟಿ ಗಣಿಯ ಕಾರ್ಮಿಕರು, ಶಾಲಾ ಶಿಕ್ಷಕರು, ಮಕ್ಕಳ ಓದಿಗೆಂದು ಊರು ಸೇರುವ ರೈತರು. ಅವರಿಗೆ ಇದು ಬದುಕಿನಲ್ಲಿ ಒಂದೇ ಸಲ ಆಗುವ ಖರೀದಿ. ಈ ಭಾಗದಲ್ಲಿ ಮನೆ ಮಾಲೀಕರನ್ನು ಕಂಗೆಡಿಸುವ ದೊಡ್ಡ ತೊಂದರೆಗಳು ಬರುವುದು ಎರಡೇ ಕಡೆಯಿಂದ: ಪ್ಲಾಟಿನ ಪತ್ರದಿಂದ ಮತ್ತು ಮನೆಯ ಪಾಯದಿಂದ. ಎರಡನ್ನೂ ಮೊದಲೇ ನೋಡಿಕೊಳ್ಳಲು ತಗಲುವ ಖರ್ಚು ಅಲ್ಪ. ಆಮೇಲೆ ಸರಿಪಡಿಸಲು ಹೋದರೆ ಮನೆಯ ಅರ್ಧ ಖರ್ಚೂ ಸಾಲದಾಗಬಹುದು.

ಬಾಂಡ್ ಪೇಪರ್ ಖರೀದಿ ಪತ್ರವಲ್ಲ

ಪ್ಲಾಟನ್ನು ಬಾಂಡ್ ಪೇಪರ್ ಮೇಲೆ ಬರೆಸಿ, ನೋಟರಿ ಮಾಡಿಸಿ, ನಾಲ್ಕು ಜನರ ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು ಎಂದು ನಂಬಿದವರು ಇನ್ನೂ ಇದ್ದಾರೆ. ಇದರ ಹಿಂದಿನ ಕಾರಣ ನೋಂದಣಿ ಖರ್ಚು. ಊರೊಳಗಿನ ನಿವೇಶನಕ್ಕೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಶೇ 0.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು ಶೇ 7.6. ಹತ್ತು ಲಕ್ಷದ ಪ್ಲಾಟಿಗೆ 76 ಸಾವಿರ ರೂಪಾಯಿ. ಇದನ್ನು ಉಳಿಸಲು ಹೋದವರು ಹತ್ತು ಲಕ್ಷವನ್ನೇ ಅಪಾಯಕ್ಕೆ ಒಡ್ಡಿದಂತೆ. ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಮಾರಾಟ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಜಿಪಿಎ (ಅಧಿಕಾರ ಪತ್ರ) ಬರೆಸಿಕೊಂಡು ಮಾಡುವ ‘ಮಾರಾಟ’ದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಬಾಂಡ್ ಬರೆದುಕೊಟ್ಟವರು ತೀರಿಕೊಂಡು, ಅವರ ಮಕ್ಕಳು ಬಂದು ‘ನಮ್ಮ ಸಹಿ ಎಲ್ಲದ?’ ಎಂದು ಕೇಳಿದರೆ ಆ ಕಾಗದ ನಿಮ್ಮನ್ನು ಕಾಯುವುದಿಲ್ಲ.

ಏಜೆಂಟರ ಬಾಯಲ್ಲಿ ಸದಾ ಇರುವ ಇನ್ನೊಂದು ಮಾತು: ‘ಎನ್‌ಎ ಆಗ್ಯದ್ರಿ, ಇನ್ನೇನ್ ಬೇಕು?’ ಇನ್ನೂ ಬೇಕು. ಎನ್‌ಎ ಎಂದರೆ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸಿದ ಜಿಲ್ಲಾಧಿಕಾರಿಯ ಆದೇಶ ಮಾತ್ರ. ಆ ಜಮೀನನ್ನು ಪ್ಲಾಟುಗಳಾಗಿ ಒಡೆಯಲು ಯೋಜನಾ ಪ್ರಾಧಿಕಾರದ ಲೇಔಟ್ ಮಂಜೂರಾತಿ ಬೇರೆಯೇ ಬೇಕು. ಮಂಜೂರಾದ ನಕ್ಷೆಯ ಪ್ರತಿ ಕೇಳಿ. ಅದನ್ನು ಹಿಡಿದು ಜಾಗದಲ್ಲೇ ನಿಂತು ರಸ್ತೆ ಎಷ್ಟು ಅಡಿ, ಪಾರ್ಕ್ ಎಲ್ಲಿ, ನಿಮ್ಮ ಪ್ಲಾಟಿನ ಚಕ್ಕುಬಂದಿ ಏನು ಎಂದು ತಾಳೆ ನೋಡಿ. ಪಾರ್ಕಿಗೆ ಬಿಟ್ಟ ಜಾಗವನ್ನೇ ಪ್ಲಾಟು ಮಾಡಿ ಮಾರಿದ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಹೊಸವಲ್ಲ. 500 ಚದರ ಮೀಟರ್ ಮೀರಿದ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು; ಆ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ರೇರಾ ಕಾಯ್ದೆಯ ಪ್ರಕಾರ, ಕರಾರು ಪತ್ರ ನೋಂದಣಿ ಮಾಡಿಕೊಡದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವ ಹಾಗಿಲ್ಲ.

ಖಾತೆಯ ವಿಷಯಕ್ಕೆ ಬಂದರೆ, ಸಿಂಧನೂರು ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿ ಪುರಸಭೆಗಳ ವ್ಯಾಪ್ತಿಯಲ್ಲಿ ಇ-ಖಾತೆ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ಆ ಜಾಗಕ್ಕೆ ಪರಿವರ್ತನೆಯೋ ಮಂಜೂರಾತಿಯೋ ಆಗಿಲ್ಲ ಎಂದು ತಿಳಿದು ಹೆಜ್ಜೆ ಇಡಿ. 2025ರಿಂದ ಪಟ್ಟಣಗಳಲ್ಲಿ ಕೊಡುತ್ತಿರುವ ಬಿ-ಖಾತೆಯೂ ಅಷ್ಟೇ. ಅದು ತೆರಿಗೆ ಕಟ್ಟಲು ಇರುವ ದಾಖಲೆ. ಅಕ್ರಮ ಲೇಔಟನ್ನು ಅದು ಸಕ್ರಮ ಮಾಡುವುದಿಲ್ಲ.

ಪಹಣಿಯ ಹಿಂದೆ ಹೋಗಿ

ನಮ್ಮದು 1948ರವರೆಗೆ ನಿಜಾಮರ ಆಡಳಿತದಲ್ಲಿ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದ ಸೀಮೆ. ಹಳೆಯ ದಾಖಲೆಗಳು ಉರ್ದುವಿನಲ್ಲಿರುತ್ತವೆ. ಇತ್ತೀಚಿನ ಪಹಣಿಯೊಂದನ್ನೇ ನೋಡಿ ತೃಪ್ತರಾಗದೆ, ಜಮೀನು ಮೂಲದಲ್ಲಿ ಯಾರದು, ಇವರ ಕೈಗೆ ಹೇಗೆ ಬಂತು ಎಂಬುದನ್ನು ಕನಿಷ್ಠ 30 ವರ್ಷದ ಹಿಂದಿನಿಂದ ವಕೀಲರ ಕೈಲಿ ಓದಿಸಿ. ಪಹಣಿಯ 9ನೇ ಕಾಲಂ ಸ್ವಾಧೀನದಾರರ ಹೆಸರು ಹೇಳುತ್ತದೆ, 10ನೆಯದು ಜಮೀನು ಬಂದ ರೀತಿಯನ್ನು, 11ನೆಯದು ಅದರ ಮೇಲಿರುವ ಸಾಲ ಮತ್ತು ಇತರ ಹಕ್ಕುಗಳನ್ನು. ಅಷ್ಟೇ ವರ್ಷಗಳ ಇಸಿಯನ್ನೂ (ಋಣಭಾರ ಪ್ರಮಾಣಪತ್ರ) ತೆಗೆಸಿ.

ಇಲ್ಲಿ ಎರಡು ಕಡೆ ಹೆಚ್ಚು ಎಚ್ಚರ ಬೇಕು. ಮೊದಲನೆಯದು, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಂಜೂರುದಾರರು ಅಥವಾ ಅವರ ವಾರಸುದಾರರು ಸಹಾಯಕ ಆಯುಕ್ತರಿಗೆ ಅರ್ಜಿ ಕೊಟ್ಟು ಜಮೀನು ಮರಳಿ ಪಡೆಯಬಹುದು. ಅರ್ಜಿಗೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಭೂಮಿ ಇಲ್ಲದವರಿಗೆ ಕೊಟ್ಟ ಭೂಮಿ ಅವರಲ್ಲೇ ಉಳಿಯಲಿ ಎಂಬ ನ್ಯಾಯದ ಕಾನೂನು ಇದು. ಅದನ್ನು ಮೀರಿ ಎದ್ದ ಲೇಔಟಿನಲ್ಲಿ ಪ್ಲಾಟು ಕೊಳ್ಳಬೇಡಿ. ಎರಡನೆಯದು, ಹೆಣ್ಣುಮಕ್ಕಳ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು, ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಎತ್ತಿಹಿಡಿಯಿತು. ವಂಶಾವಳಿ ತರಿಸಿ, ಮದುವೆಯಾಗಿ ಹೋದ ಅಕ್ಕ-ತಂಗಿಯರ ಸಹಿಯೂ ಖರೀದಿ ಪತ್ರದಲ್ಲಿ ಇದೆಯೇ ನೋಡಿ.

ಕೈಯಲ್ಲಿ ಪೂರ್ತಿ ಹಣ ಇದ್ದರೂ ಈ ಜಾಗಕ್ಕೆ ಸಾಲ ಸಿಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ. ಬ್ಯಾಂಕಿನ ವಕೀಲರು ಒಪ್ಪದ ಪ್ಲಾಟನ್ನು ನೀವೂ ಒಪ್ಪಬೇಕಿಲ್ಲ.

ಮಸ್ಕಿಯಲ್ಲಿ ಕೊಳ್ಳುವವರಿಗೆ ಇನ್ನೊಂದು ಮಾತು. 1915ರಲ್ಲಿ ಬೆಳಕಿಗೆ ಬಂದ, ‘ಅಶೋಕ’ ಎಂಬ ಹೆಸರನ್ನೇ ಹೇಳುವ ಶಿಲಾಶಾಸನ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಪ್ರತ್ಯೇಕ ಅನುಮತಿ ಬೇಕು. ಹಾಗೆಯೇ ಹಳ್ಳದ ದಂಡೆಯ ಪ್ಲಾಟು ನೋಡುವವರು ಜೋರು ಮಳೆಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಆ ಓಣಿಯ ಹಿರಿಯರನ್ನು ಕೇಳಿ.

ಎರಿ ನೆಲದ ಗುಣ

ಪತ್ರ ಸರಿಯಿದ್ದ ಮೇಲೆ ನೆಲ ನೋಡಬೇಕು. ಲಿಂಗಸುಗೂರು, ಮಸ್ಕಿಯ ಸುತ್ತ ಕಲ್ಲುಬಂಡೆ ಮತ್ತು ಮಸಾರಿ ನೆಲ ಬಹಳ ಕಡೆ ಸಿಗುತ್ತದೆ. ಅಲ್ಲಿ ಪಾಯಕ್ಕೆ ಚಿಂತೆ ಕಡಿಮೆ, ಶೌಚಗುಂಡಿ ತೋಡುವುದೇ ಕಷ್ಟ. ಸಿಂಧನೂರಿನತ್ತ ಬಂದಂತೆ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ ಹೆಚ್ಚು. ಏಪ್ರಿಲ್‌ನಲ್ಲಿ ನೀರು ಕಾಣದ ಎರಿ ಹೊಲದಲ್ಲಿ ನಿಂತು ನೋಡಿ: ಬಿರುಕಿನೊಳಗೆ ಅಂಗೈ ಇಳಿಯುತ್ತದೆ, ಉದ್ದನೆಯ ಕಡ್ಡಿ ಬಿಟ್ಟರೆ ತಳ ಸಿಗದೆ ಹೋಗುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ ಬಿರುಕನ್ನು ಮುಚ್ಚುತ್ತದೆ. ಈ ಮಣ್ಣಿನಲ್ಲಿ ಮೇಲೆ ಮೇಲೆ ಪಾಯ ಹಾಕಿದ ಮನೆಯನ್ನು ನೆಲ ಪ್ರತಿ ವರ್ಷ ಎತ್ತಿ ಇಳಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕಿಗೆ, ಮಳೆಗಾಲದಲ್ಲಿ ಚೌಕಟ್ಟಿಗೆ ಹಿಡಿಯುವ ಬಾಗಿಲಿಗೆ ಎಷ್ಟೋ ಸಲ ಇದೇ ಕಾರಣ.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಸರಳ ಪರೀಕ್ಷೆಯಿದೆ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಅಳತೆ ಗೆರೆಗಳಿರುವ ಎರಡು ಗಾಜಿನ ಜಾಡಿಗಳಿಗೆ ಹಾಕಿ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ ತುಂಬಿ 24 ತಾಸು ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರಿನಲ್ಲಿ ಅದು ಶೇ 50ಕ್ಕಿಂತ ಹೆಚ್ಚು ಬೆಳೆದಿದ್ದರೆ ಸಾದಾ ಪಾಯದ ಯೋಚನೆ ಬಿಟ್ಟು ಎಂಜಿನಿಯರ್ ಸಲಹೆ ಪಡೆಯಿರಿ.

ಎರಿ ಮಣ್ಣು ನಾಲ್ಕೈದು ಅಡಿಯಷ್ಟೇ ಇದ್ದು ಕೆಳಗೆ ಗಟ್ಟಿ ಮರಂ ಸಿಕ್ಕರೆ, ಎರಿಯನ್ನು ಪೂರ್ತಿ ತೆಗೆದು ಮರಂ ಮೇಲೆಯೇ ಪಾಯ ಕೂರಿಸಬಹುದು. ಮನೆಯೊಳಗಿನ ನೆಲದಡಿಯೂ ಮರಂ ತುಂಬಿ, ನೀರು ಹಾಕಿ ದಮ್ಮಸ್ಸು ಮಾಡಿಸಬೇಕು. ತೋಡಿದ ಎರಿಯನ್ನೇ ಮರಳಿ ತುಂಬಿಸಲು ಬಿಡಬೇಡಿ. ಎರಿ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಅಂಡರ್-ರೀಮ್ಡ್ ಪೈಲ್ ಇದೆ. ಸುಮಾರು ಮೂರೂವರೆ ಮೀಟರ್ ಅಥವಾ ಇನ್ನೂ ಆಳಕ್ಕೆ ಕೊರೆದ ಕಂಬ ಇದು. ಇದರ ಬುಡ ಗಡ್ಡೆಯಂತೆ ಅಗಲವಾಗಿರುವುದರಿಂದ ಮೇಲಿನ ಮಣ್ಣು ಉಬ್ಬಿದರೂ ಕಂಬ ಕಿತ್ತು ಬರುವುದಿಲ್ಲ. ಯಾವುದೇ ಪಾಯವಾಗಲಿ, ತೋಡಿದ ಗುಂಡಿಯನ್ನು ಬಿಸಿಲಿಗೂ ಮಳೆಗೂ ತಿಂಗಳುಗಟ್ಟಲೆ ಬಿಡಬಾರದು.

ಕಾಲುವೆ ನೀರಿನ ಗದ್ದೆಗಳು ಪ್ಲಾಟಾದ ಕಡೆ ಸವಳಿನ ಕಾಟವೂ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಸವಳು, ಜೌಗು ಹಳೆಯ ಸಮಸ್ಯೆ. ನೀರಿನ ಜೊತೆ ಉಪ್ಪು ಗೋಡೆಗೆ ಏರಿ ಗಿಲಾವು ಉದುರುತ್ತದೆ. ಪಾಯ ಮುಗಿದು ಗೋಡೆ ಏಳುವ ಮಟ್ಟದಲ್ಲಿ ತೇವ ತಡೆಯುವ ಡಿಪಿಸಿ ಪದರ ಹಾಕಿಸುವುದನ್ನು ಗೌಂಡಿ ಬೇಡವೆಂದರೂ ಬಿಡಬೇಡಿ. ಇಟ್ಟಿಗೆ ಕೊಳ್ಳುವ ಮುನ್ನ ಒಂದನ್ನು ತಟ್ಟೆಯಲ್ಲಿ ಒಂದಂಗುಲ ನೀರಿನಲ್ಲಿ ನಿಲ್ಲಿಸಿ ಒಣಗಲು ಬಿಡಿ. ಮೈಮೇಲೆ ಬಿಳಿ ಉಪ್ಪು ದಟ್ಟವಾಗಿ ಕಂಡರೆ ಆ ಲೋಡ್ ಬೇಡ.

ಈಗಾಗಲೇ ಮನೆ ಇದ್ದವರಿಗೆ

ಗೋಡೆ ಬಿರುಕು ಬಿಟ್ಟಿದ್ದರೆ ಪುಟ್ಟಿ ಬಳಿಯಲು ಅವಸರ ಮಾಡಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಅಗಲ ಮತ್ತು ತಾರೀಕು ಬರೆದಿಡಿ. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಅಳೆಯಿರಿ. ಋತು ಬದಲಾದಂತೆ ಬಿರುಕು ತೆರೆದು ಮುಚ್ಚುತ್ತಿದ್ದರೆ ಅದು ನೆಲದ ಚಲನೆ. ಮನೆಯ ಸುತ್ತ ಐದಾರು ಅಡಿ ಅಗಲ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಸಿಸಿ, ಬಚ್ಚಲು ನೀರು, ಮಾಳಿಗೆ ನೀರು ಪಾಯದ ಬುಡದಲ್ಲಿ ಇಂಗದಂತೆ ದೂರ ಹರಿಸಿದರೆ ತೊಂದರೆ ಬಹಳಷ್ಟು ತಗ್ಗುತ್ತದೆ. ಬೇವು, ಅರಳಿಯನ್ನು ಅವು ಬೆಳೆಯುವ ಎತ್ತರದಷ್ಟು ದೂರದಲ್ಲಿ ನೆಡಿ.

ಬಿಸಿಲು 40 ಡಿಗ್ರಿ ದಾಟುವ ಸೀಮೆಯಲ್ಲಿ ಬರಿ ಸ್ಲ್ಯಾಬ್ ರಾತ್ರಿಯಲ್ಲೂ ಬಿಸಿ ಬಿಡುತ್ತದೆ. ದಪ್ಪ ಮಣ್ಣಿನ ಹೊದಿಕೆಯ ಜಂತಿ ಮಾಳಿಗೆಗಳು ತಂಪಾಗಿದ್ದದ್ದು ಮಣ್ಣಿನೊಳಗೆ ಬಿಸಿ ನಿಧಾನ ಇಳಿಯುತ್ತಿದ್ದುದರಿಂದ. ಈಗ ಕನಿಷ್ಠ ಪ್ರತಿ ಮಾರ್ಚ್‌ನಲ್ಲಿ ಸ್ಲ್ಯಾಬ್ ಮೇಲೆ ಬಿಳಿ ಸುಣ್ಣ ಬಳಿಯಿರಿ, ಪಡುವಣ ಗೋಡೆಗೆ ನೆರಳು ಮಾಡಿ. ಬೋರ್‌ವೆಲ್ ನೀರು ಕುಡಿಯುವವರು ಫ್ಲೋರೈಡ್ ಪರೀಕ್ಷೆ ಮಾಡಿಸಿ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ರಸೀದಿಗಳನ್ನು ಖರೀದಿ ಪತ್ರದ ಜೊತೆ ಇಡಿ.

ಕೊಳ್ಳುವವರು ಎಷ್ಟೇ ಎಚ್ಚರ ವಹಿಸಿದರೂ ಕೆಲಸ ಇರುವುದು ಅವರಿಗೊಬ್ಬರಿಗೇ ಅಲ್ಲ. ಮಂಜೂರಾದ ಲೇಔಟುಗಳ ಪಟ್ಟಿಯನ್ನು ಸರ್ವೆ ನಂಬರ್ ಸಹಿತ ನಗರಸಭೆ, ಪುರಸಭೆಗಳು ತಮ್ಮ ಬಾಗಿಲಲ್ಲೇ ತೂಗುಹಾಕಲಿ. ಪ್ರತಿ ಲೇಔಟಿನ ಕಮಾನಿನ ಮೇಲೆ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಮಂಜೂರಾತಿ ಸಂಖ್ಯೆ ಬರೆಸುವುದನ್ನು ಕಡ್ಡಾಯ ಮಾಡಲಿ. ಆ ಬರಹ ಬರುವವರೆಗೆ ಸಂಚಕಾರದ ಹಣ ನಿಮ್ಮ ಕಿಸೆಯಲ್ಲಿರಲಿ. ಪತ್ರ ವಕೀಲರ ಕಣ್ಣು ದಾಟಿ, ಪ್ಲಾಟಿನ ಮಣ್ಣು ಎಂಜಿನಿಯರ್ ಕಣ್ಣು ದಾಟಿದ ಮೇಲಷ್ಟೇ ಅದು ಹೊರಬರಲಿ. ಒಂದು ತಿಂಗಳು ತಡವಾದರೆ ಆ ಪ್ಲಾಟು ಕೈತಪ್ಪಬಹುದು, ಬೇರೊಂದು ಸಿಗುತ್ತದೆ. ಅವಸರದಲ್ಲಿ ಕಳೆದ ಜೀವಮಾನದ ಉಳಿತಾಯ ಮರಳಿ ಸಿಗುವುದು ಕಷ್ಟ.