ಅಂಗಳದ ಆರೈಕೆ: ಎಡವುವುದೆಲ್ಲಿ?

ಮನೆ ಕಟ್ಟಿಸುವಾಗ ಅಡುಗೆಕೋಣೆಯ ಕಪಾಟಿನ ಬಣ್ಣದವರೆಗೂ ನೀವು ಯೋಚಿಸುತ್ತೀರಿ. ಅಂಗಳದ ಸರದಿ ಬರುವಷ್ಟರಲ್ಲಿ ಕೈಯಲ್ಲಿದ್ದ ಹಣ ಕರಗಿರುತ್ತದೆ. ಗಲ್ಫ್‌ನಿಂದ ಬಂದವರ ರಜೆಯೂ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಅಂಗಳದ ತೀರ್ಮಾನ ಮಾತ್ರ ಅವಸರದ್ದಾಗುತ್ತದೆ. ಒಂದೋ ಮೂಲೆಯಿಂದ ಮೂಲೆಗೆ ಇಂಟರ್‌ಲಾಕ್ ಹಾಸುವುದು, ಇಲ್ಲವೇ ನರ್ಸರಿಯವರು ತಂದ ಹುಲ್ಲು ಹಾಸಿ ಬೆಳಿಗ್ಗೆ ಸಂಜೆ ಪೈಪು ಹಿಡಿದು ನಿಲ್ಲುವುದು. ಎರಡರಲ್ಲೂ ಮರೆತುಹೋಗುವ ವಿಷಯ ಒಂದೇ. ನಮ್ಮ ಕರಾವಳಿಯಲ್ಲಿ ಮಳೆಗಾಲದ ನೀರು ಭೂಮಿಗಿಳಿದು ಬೇಸಿಗೆಯಲ್ಲಿ ನಿಮ್ಮ ಬಾವಿಗೆ ಬರಬೇಕಾದ ದಾರಿ ಈ ಅಂಗಳವೇ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ದಕ್ಷಿಣ ಕನ್ನಡದಲ್ಲಿ ಸಾಧಾರಣ ವರ್ಷದಲ್ಲಿ 3500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ. 1000 ಚದರ ಅಡಿಯ ಅಂಗಳವೆಂದರೆ ಸುಮಾರು 93 ಚದರ ಮೀಟರ್. ಗುಣಿಸಿದರೆ ಮೂರು ಲಕ್ಷ ಲೀಟರಿಗೂ ಮಿಕ್ಕಿ ನೀರು. ಶಾಲೆಯ ಮಕ್ಕಳಿಗೆ ಕೊಟ್ಟರೆ ಎರಡು ನಿಮಿಷದಲ್ಲಿ ಮಾಡಿ ಮುಗಿಸುವ ಲೆಕ್ಕವಿದು. ಅಷ್ಟೂ ನೀರು ಬಾವಿಗೆ ಇಳಿಯುವುದಿಲ್ಲ, ನಿಜ. ಆದರೆ ಇಳಿಯಲು ದಾರಿಯನ್ನೇ ಬಿಡದೆ ಎಲ್ಲವನ್ನೂ ಗೇಟಿನಾಚೆ ರಸ್ತೆಗೆ ಹರಿಸಿ, ಏಪ್ರಿಲ್‌ನಲ್ಲಿ ಟ್ಯಾಂಕರಿನವರಿಗೆ ಫೋನ್ ಮಾಡುವುದು ಯಾವ ಜಾಣತನ?

ಇಂಟರ್‌ಲಾಕ್ ಹಾಕಲೇಬಾರದೆಂದು ಹೇಳುತ್ತಿಲ್ಲ. ವಾಹನ ನಿಲ್ಲುವ ಕಡೆ, ವಯಸ್ಸಾದವರು ನಡೆದಾಡುವ ದಾರಿಯಲ್ಲಿ ಅದು ಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುವ ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯಂದಿರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಅಷ್ಟೇ ಜಾಗಕ್ಕೆ ಹಾಕಿಸಿ. ತೆಂಗಿನ ಬುಡಕ್ಕೆ ತಾಗಿಸಿ ಸಿಮೆಂಟು ಬಳಿಯಬೇಡಿ. ತೆಂಗಿನ ಬೇರು ಬುಡದ ಸುತ್ತ ಐದಾರು ಅಡಿ ವಿಸ್ತಾರದಲ್ಲಿ ಆಹಾರ ಹುಡುಕುತ್ತದೆ, ಅಷ್ಟು ಜಾಗ ಅದಕ್ಕೆ ಬಿಡಿ. ಇನ್ನೊಂದು ತಪ್ಪು ನಿಧಾನವಾಗಿ ನಡೆಯುವಂಥದ್ದು. ಹಳೆಯ ಸಿಮೆಂಟು ನೆಲದ ಮೇಲೆ ಮಣ್ಣು, ಅದರ ಮೇಲೆ ಜಲ್ಲಿ ಹುಡಿ, ಅದರ ಮೇಲೆ ಇಂಟರ್‌ಲಾಕ್ ಹೀಗೆ ಏರಿಸುತ್ತಾ ಹೋಗಿ ಕೊನೆಗೆ ಅಂಗಳ ಜಗಲಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಜೋರು ಮಳೆಗೆ ನೀರು ನೇರ ಒಳಗೆ. ಅಂಗಳದ ಇಳಿಜಾರು ಯಾವಾಗಲೂ ಗೋಡೆಯಿಂದ ಹೊರಕ್ಕೆ ಇರಬೇಕು. ಆ ಹೊರಗೆ ಎಂಬುದು ನೆರೆಮನೆಯ ಅಡುಗೆಕೋಣೆಯ ಹಿಂಬದಿ ಆಗಿರಬಾರದು. ನೀರಿನ ಕಾರಣಕ್ಕೆ ಮಾತು ಬಿಟ್ಟ ನೆರೆಹೊರೆಯವರು ನಮ್ಮಲ್ಲಿ ಕಡಿಮೆಯೇನಲ್ಲ.

ಇದು ಬರೀ ಮನಸ್ತಾಪದ ಮಾತೂ ಅಲ್ಲ. 2024ರ ಜೂನ್‌ನಲ್ಲಿ ಉಳ್ಳಾಲ ಸಮೀಪದ ಕುತ್ತಾರು ಮದನಿನಗರದಲ್ಲಿ ಭಾರೀ ಮಳೆಗೆ ಆವರಣಗೋಡೆಯೊಂದು ಪಕ್ಕದ ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. ನಮ್ಮ ಏರುತಗ್ಗಿನ ನೆಲದಲ್ಲಿ ಒಬ್ಬರ ಅಂಗಳ ಇನ್ನೊಬ್ಬರ ಮಾಡಿನ ಎತ್ತರದಲ್ಲಿರುವುದು ಸಾಮಾನ್ಯ. ಮಣ್ಣು ನೀರು ಕುಡಿದಷ್ಟೂ ಅದರ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯ ಬುಡದಲ್ಲಿ ಅಲ್ಲಲ್ಲಿ ಪೈಪಿನ ತುಂಡು ಇಟ್ಟು ನೀರು ಹೊರಬರಲು ದಾರಿ ಮಾಡಿರದಿದ್ದರೆ ಮೇ ತಿಂಗಳೊಳಗೆ ಮೇಸ್ತ್ರಿಯನ್ನು ಕರೆಸಿ. ಇದ್ದ ಪೈಪಿನ ಬಾಯಿ ಮಣ್ಣು ಕಟ್ಟಿಕೊಂಡಿದ್ದರೆ ಬಿಡಿಸಿ. ಹೂಗಿಡಗಳಿಗೆಂದು ಗೋಡೆಗೆ ಒರಗಿಸಿ ಮಣ್ಣು ಪೇರಿಸಬೇಡಿ. ಗೋಡೆ ಹೊಟ್ಟೆ ಬಿಟ್ಟಂತೆ ಕಂಡರೆ, ಬಿರುಕು ಅಗಲವಾಗುತ್ತಿದ್ದರೆ ಕೆಳಗಿನ ಮನೆಯವರಿಗೆ ಅಂದೇ ತಿಳಿಸಿ.

ಇನ್ನು ಹುಲ್ಲಿನ ವಿಷಯ. ದುಬೈ, ದಮ್ಮಾಮ್‌ಗಳಲ್ಲಿ ಹಸಿರು ಹುಲ್ಲುಹಾಸು ನೋಡಿ ಬಂದವರಿಗೆ ಮನೆಯಂಗಳದಲ್ಲೂ ಅಂಥದ್ದೇ ಬೇಕೆನಿಸುವುದು ಸಹಜ. ಅಲ್ಲಿ ಮಳೆಯಿಲ್ಲ, ದಿನವೂ ನೀರು ಚಿಮುಕಿಸಿಯೇ ಹುಲ್ಲನ್ನು ಉಳಿಸಬೇಕು. ಅದೇ ಅಭ್ಯಾಸವನ್ನು ಇಲ್ಲಿಗೆ ತಂದರೆ ಹುಲ್ಲು ಕೆಡುತ್ತದೆ. ದಿನಾ ಎರಡು ಹೊತ್ತು ಸ್ವಲ್ಪ ಸ್ವಲ್ಪವೇ ನೀರು ಕೊಟ್ಟರೆ ಬೇರು ಕೆಳಗಿಳಿಯುವ ಗೋಜಿಗೇ ಹೋಗುವುದಿಲ್ಲ. ಮೇಲ್ಮಣ್ಣಿನಲ್ಲೇ ಹರಡಿ, ಎರಡು ದಿನ ನೀರು ತಪ್ಪಿದರೆ ಒಣಗಿ ನಿಲ್ಲುತ್ತದೆ. ಅದರ ಬದಲು ಎರಡು ಮೂರು ದಿನಕ್ಕೊಮ್ಮೆ, ನಾಲ್ಕೈದು ಇಂಚು ಆಳದವರೆಗೆ ಮಣ್ಣು ನೆನೆಯುವಂತೆ ಕೊಡಿ. ಹುಲ್ಲಿಗೆ ಬಾಯಾರಿದೆಯೋ ಎಂದು ತಿಳಿಯಲು ಅದರ ಮೇಲೆ ನಡೆದು ನೋಡಿ. ಹೆಜ್ಜೆಯ ಗುರುತು ಹಾಗೆಯೇ ಉಳಿದರೆ ನೀರು ಬೇಕು, ಹುಲ್ಲು ಕೂಡಲೇ ತಲೆಯೆತ್ತಿದರೆ ಬೇಡ. ಸಮಯ ಬೆಳಗಿನದೇ ಇರಲಿ. ಸಂಜೆ ನೀರು ಹಾಕಿದರೆ ರಾತ್ರಿಯಿಡೀ ಒದ್ದೆಯಿದ್ದು ಶಿಲೀಂಧ್ರ ರೋಗಕ್ಕೆ ಆಸ್ಪದವಾಗುತ್ತದೆ. ಅಂಗಳದ ನಳ್ಳಿಯಲ್ಲಿ ವುಝೂ ಮಾಡುವ ಮನೆಗಳಿದ್ದರೆ ಆ ನೀರಿಗೆ ಒಂದು ಸಣ್ಣ ಕಣಿ ತೋಡಿ ಹುಲ್ಲಿನ ಕಡೆಗೋ ಮದರಂಗಿ ಗಿಡದ ಬುಡಕ್ಕೋ ತಿರುಗಿಸಿ. ಐದು ಹೊತ್ತಿಗೆ ಒಂದು ಕುಟುಂಬ ಬಳಸುವ ನೀರು ಸಣ್ಣದಲ್ಲ.

ಹುಲ್ಲಿನ ಆಯ್ಕೆಯಲ್ಲಿ ಜಾಗ ನೋಡುವವರು ಕಡಿಮೆ. ನರ್ಸರಿಗಳಲ್ಲಿ ಮೆಕ್ಸಿಕನ್, ಕೊರಿಯನ್ ಎಂದೆಲ್ಲ ಕರೆಯುವ ಸಣ್ಣೆಲೆಯ ಹುಲ್ಲುಗಳಿಗೆ ಚೆನ್ನಾಗಿ ಬಿಸಿಲು ಬೇಕು, ನಮ್ಮ ಗರಿಕೆಗೂ ಅಷ್ಟೇ. ಮಾವು, ಹಲಸಿನ ನೆರಳಿನಲ್ಲಿ ಅವನ್ನು ಹಾಸಿ ಏಳುತ್ತಿಲ್ಲವೆಂದು ಗೊಬ್ಬರದ ಮೇಲೆ ಗೊಬ್ಬರ ಸುರಿದರೆ ಹಣ ಪೋಲು. ಅರೆನೆರಳಿಗೆ ಅಗಲ ಎಲೆಯ ಬಫೆಲೋ ಹುಲ್ಲು ಮೇಲು. ದಟ್ಟ ನೆರಳಿದ್ದರೆ ಹುಲ್ಲಿನ ಆಸೆ ಬಿಟ್ಟು ತರಗೆಲೆ ಹಾಸುವುದೇ ವಾಸಿ. ನಮ್ಮ ಕೆಂಪು ಮುರ ಮಣ್ಣು ಸಾಮಾನ್ಯವಾಗಿ ಹುಳಿ ಮಣ್ಣು, ಮಳೆ ಅದರ ಸಾರವನ್ನು ತೊಳೆದೊಯ್ದಿರುತ್ತದೆ. ಹುಲ್ಲು ನೆಡುವ ಮುನ್ನ ಮನೆ ಕಟ್ಟಿದ ಸಿಮೆಂಟು, ಜಲ್ಲಿ ಚೂರು ಹೆಕ್ಕಿ ತೆಗೆದು, ಅರ್ಧ ಅಡಿ ಅಗೆದು, ಚೆನ್ನಾಗಿ ಕೊಳೆತ ಹಟ್ಟಿಗೊಬ್ಬರ ಬೆರೆಸಿ. ಹಸಿ ಕೋಳಿಗೊಬ್ಬರ ಬೇಡ, ಬೇರು ಸುಟ್ಟುಹೋಗುತ್ತದೆ. ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿದೆ. ಹಾಕುವುದೇ ಆದರೆ ಚದರ ಮೀಟರಿಗೆ ಹತ್ತು ಗ್ರಾಂ ಮೀರದಂತೆ, ಮಣ್ಣು ಒದ್ದೆಯಿರುವಾಗ ಹಾಕಿ. ಮುಷ್ಟಿಯಲ್ಲಿ ಎರಚಿದಲ್ಲೆಲ್ಲ ಹಳದಿ ಮಚ್ಚೆ ಏಳುತ್ತದೆ.

ಕತ್ತರಿಸುವಾಗ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಿರಿ. ತಿಂಗಳುಗಟ್ಟಲೆ ಬಿಟ್ಟು ಒಮ್ಮೆಲೇ ಬೋಳಿಸಿದರೆ ಹುಲ್ಲು ಸೊರಗಿ, ಆ ಖಾಲಿ ಜಾಗಕ್ಕೆ ಕಳೆ ಬರುತ್ತದೆ. ಕಳೆಯಲ್ಲಿ ಹೆಚ್ಚು ಕಾಡುವುದು ನಾಚಿಕೆಮುಳ್ಳು. ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲೇ ಬೇರು ಸಮೇತ ಕಿತ್ತರೆ ಮರುವರ್ಷ ಅರ್ಧ ಕೆಲಸ ಕಡಿಮೆ. ಒದ್ದೆ ಜಾಗದಲ್ಲಿ ತಾನಾಗಿ ಹಬ್ಬುವ ಒಂದೆಲಗವನ್ನೂ ಕಳೆಯೆಂದು ಕಿತ್ತೆಸೆದು, ಅದನ್ನೇ ಪೇಟೆಯಲ್ಲಿ ಕಟ್ಟಿಗೆ ಇಷ್ಟೆಂದು ಕೊಟ್ಟು ತರುವವರನ್ನು ಕಂಡು ನಗು ಬರುತ್ತದೆ.

ಕಳೆನಾಶಕದ ವಿಷಯದಲ್ಲಿ ಮಾತ್ರ ನಗುವಂತಿಲ್ಲ. ಮಕ್ಕಳು ಬರಿಗಾಲಲ್ಲಿ ಆಡುವ, ಬಾವಿಗೆ ಹತ್ತು ಹೆಜ್ಜೆ ದೂರದ ಅಂಗಳಕ್ಕೆ ವಿಷ ಹೊಡೆಸುವುದು ಈಗ ಮಾಮೂಲಾಗಿದೆ. ಹೆಚ್ಚು ಬಳಕೆಯ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಪೆಸ್ಟ್ ಕಂಟ್ರೋಲ್‌ನವರ ಹೊರತು ಬೇರೆಯವರು ಅದನ್ನು ಬಳಸಬಾರದೆಂದು ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಒಂದು ಗುಟುಕು ಹೊಟ್ಟೆಗೆ ಹೋದರೂ ಜೀವಕ್ಕೆ ಅಪಾಯ, ಅದಕ್ಕೆ ಪ್ರತಿವಿಷವಿಲ್ಲ. ಉಳಿದದ್ದನ್ನು ಜ್ಯೂಸಿನ ಬಾಟಲಿಯಲ್ಲಿ ತುಂಬಿಸಿ ಸ್ನಾನಗೃಹದ ಕಿಟಕಿಯಲ್ಲಿಡುವ ಮನೆಗಳಿವೆ. ನಿಮ್ಮ ಮನೆಯಲ್ಲಿದ್ದರೆ ಈ ಪುಟ ಮಡಚಿಟ್ಟು ಮೊದಲು ಅದನ್ನು ಮಕ್ಕಳ ಕೈಗೆಟುಕದ ಕಡೆ ಬೀಗ ಹಾಕಿಡಿ. ಹೆಸರು ಬರೆಯಲು ಮರೆಯದಿರಿ. ಇಂಟರ್‌ಲಾಕಿನ ಸಂದಿಯ ಹುಲ್ಲಿಗೆ ಕುದಿಯುವ ಗಂಜಿನೀರು ಸಾಕು.

ಹಿಡಿಸೂಡಿ ಹಿಡಿದು ಬೆಳಿಗ್ಗೆ ಒಂದು ಎಲೆಯೂ ಉಳಿಯದಂತೆ ಗುಡಿಸಿ ಬೆಂಕಿ ಕೊಡುವುದು ನಮ್ಮ ಹಳೆಯ ಶಿಸ್ತು. ಆ ಹೊಗೆ ಮನೆಯಲ್ಲಿರುವ ಉಬ್ಬಸದವರ ಎದೆಗೆ ಹೋಗುತ್ತದೆ. ಬಯಲಿನಲ್ಲಿ ಕಸ ಸುಡುವವರಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 5000 ರೂಪಾಯಿ ದಂಡ ನಿಗದಿಪಡಿಸಿದೆ. ಎಲೆಯನ್ನು ತೆಂಗಿನ ಬುಡಕ್ಕೆ ಹಾಕಿ, ಬೇಸಿಗೆಯಲ್ಲಿ ತೇವ ಆರುವುದಿಲ್ಲ. ಗುಡಿಸುವ ಆ ಶ್ರದ್ಧೆಯನ್ನು ವಾರಕ್ಕೊಮ್ಮೆ ತೆಂಗಿನ ಗೆರಟೆ, ಅಡಿಕೆ ಹಾಳೆ, ಹೂಕುಂಡದ ಕೆಳಗಿನ ತಟ್ಟೆಗಳ ನೀರು ಚೆಲ್ಲುವುದಕ್ಕೆ ತೋರಿಸಿ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ಡೆಂಗಿ ಹೆಚ್ಚಾದಾಗ ರಾಜ್ಯ ಸರಕಾರ ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೂ ದಂಡದ ನಿಯಮ ತಂದಿತು.

ಈಗಾಗಲೇ ಇಡೀ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿಯಾಗಿದ್ದರೆ ಚಿಂತೆ ಬೇಡ. ಆವರಣದ ಬದಿಯ ಒಂದೆರಡು ಸಾಲು ಕಿತ್ತು ಮಣ್ಣು ಬಿಡಿಸಿ, ಅಲ್ಲಿ ಬಫೆಲೋ ಹುಲ್ಲು ನೆಡಿ. ಮಾಡಿನ ನೀರಿಗೆ ಮೂರಡಿ ಉದ್ದ, ಅಗಲ, ಆಳದ ಇಂಗುಗುಂಡಿ ತೋಡಿ ಮುರಕಲ್ಲಿನ ಚೂರು ತುಂಬಿಸಿ. ಅದು ಮನೆಯ ಪಂಚಾಂಗದಿಂದ ಹತ್ತು ಅಡಿಯಾದರೂ ದೂರವಿರಲಿ. ಶೌಚದ ಗುಂಡಿಯ ಪಕ್ಕದಲ್ಲೂ ಎತ್ತರದ ಆವರಣಗೋಡೆಯ ಬುಡದಲ್ಲೂ ಬೇಡ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಗುಂಡಿಗೆ ತಿರುಗಿಸಿ. ಏಪ್ರಿಲ್‌ನಲ್ಲಿ ಗರಿಕೆ ಕಂದುಬಣ್ಣಕ್ಕೆ ತಿರುಗಿದರೆ ಬಾವಿಯ ತಳದ ನೀರನ್ನು ಅದಕ್ಕೆ ಸುರಿಯಲು ಹೋಗಬೇಡಿ. ಅದರ ಬೇರು ಸತ್ತಿರುವುದಿಲ್ಲ, ಮಳೆ ಬಿದ್ದ ಒಂದೆರಡು ವಾರದಲ್ಲಿ ಮತ್ತೆ ಚಿಗುರುತ್ತದೆ.